ಹಳೆಯ ಮೋಟಾರಿನ ಮುಂಗಾಲುಗಳಿಗೆ ಸಂಸ್ಕಾರ

ಈ ಪುಟಕ್ಕೆ ಬರುವ ಕಾಗದಗಳಲ್ಲಿ ಬಹುಪಾಲು ಬಾವಿಯ ರಾಟೆ, ಸೋರುವ ಹೆಂಚು, ಗೆದ್ದಲು ಹಿಡಿದ ಬಾಗಿಲು, ಇಂಥವುಗಳ ವಿಚಾರವಾಗಿಯೇ ಇರುವುವೆಂಬುದನ್ನು ನಮ್ಮ ವಾಚಕರು ಬಲ್ಲರು. ಈ ತಿಂಗಳು ಬಂದ ಕಾಗದಗಳಲ್ಲಿ ಒಂದು ಮಾತ್ರ ಕಡಲಾಚೆಯದು. ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ಕನ್ನಡದ ಸೋದರಿಯೊಬ್ಬರು ಬರೆದಿರುವುದೇನೆಂದರೆ: ಅವರ ಯಜಮಾನರು ೧೯೭೨ರಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಇಬ್ಬರು ಕೂರುವ ತೆರೆದ ಮೋಟಾರು ಗಾಡಿಯೊಂದನ್ನು ಕೊಂಡಿರುವರು. ಗಾಡಿಯು ನೋಡುವುದಕ್ಕೆ ಅಂದವಾಗಿಯೇ ಇದೆ. ಆದರೆ ತಿರುವಿನಲ್ಲಿ ವಾಲುತ್ತದೆ, ಹಳ್ಳದಿಣ್ಣೆಗಳಲ್ಲಿ ಮುಂದಿನಿಂದ ಕಟಕಟ ಶಬ್ದ ಬರುತ್ತದೆ, ನೇರವಾದ ರಸ್ತೆಯಲ್ಲಿಯೂ ಚಕ್ರವು ಅತ್ತಿತ್ತ ಅಲೆಯುತ್ತದೆ. ಇದಕ್ಕೆ ಪರಿಹಾರವಾಗಿ ಮುಂದಿನ ಸ್ಪ್ರಿಂಗುಗಳನ್ನು ತೆಗೆದು ಗಿಡ್ಡವೂ ಬಿರುಸೂ ಆದ ಹೊಸ ಸ್ಪ್ರಿಂಗುಗಳನ್ನು ಹಾಕಿಸಬೇಕೆಂದು ಯಜಮಾನರ ಇಷ್ಟ. “ಈ ವರ್ಷಕ್ಕೆಂದು ಎತ್ತಿಟ್ಟಿರುವ ಹಣ ಒಂದು ಕೆಲಸಕ್ಕೆ ಮಾತ್ರ ಸಾಕಾಗುವುದು. ಭಾನುವಾರಗಳಲ್ಲಿ ಮಗುವನ್ನು ಅತ್ತೆಯವರ ಬಳಿ ಬಿಟ್ಟು ನಾವಿಬ್ಬರೂ ಅದರಲ್ಲಿ ಹೋಗುತ್ತೇವೆ. ಆ ಹಣವನ್ನು ಯಾವುದಕ್ಕೆ ವೆಚ್ಚಮಾಡಿದರೆ ಸರಿ?” ಎಂದು ಕೇಳಿದ್ದಾರೆ.

ಪರದೇಶದ ಆಟದ ಗಾಡಿಯೊಂದರ ವಿಚಾರವು ಗೃಹಸ್ಥರಾದ ನಮಗೇಕೆಂದು ಕೆಲವರು ಕೇಳಬಹುದು. ಮೊದಲನೆಯದಾಗಿ, ಆ ಗಾಡಿಯು ನಮಗೆ ತೀರ ಅಪರಿಚಿತವಲ್ಲ. ೨೦೧೪ರವರೆಗೂ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಗಾಡಿಯಲ್ಲಿ ಬಹುಕಾಲ ದುಡಿದ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನ್ನೂ, ಎಂ.ಜಿ.ಬಿ.ಯ ೧೭೯೮ ಘನ ಸೆಂಟಿಮೀಟರಿನ ಎಂಜಿನ್ನೂ ಒಂದೇ ವಂಶದವು. ಎರಡನೆಯದಾಗಿ, ಆ ಸೋದರಿಯ ಪ್ರಶ್ನೆಯು ಮೋಟಾರಿಗೆ ಮಾತ್ರ ಸೇರಿದ್ದಲ್ಲ. ಹಳೆಯ ವಸ್ತುವೊಂದನ್ನು ಉತ್ತಮಗೊಳಿಸಬೇಕೆನ್ನುವವನು ಮೊದಲು ಎಲ್ಲಿ ಕೈಯಿಡಬೇಕೆಂಬುದೇ ಅದರ ತಿರುಳು.

ನಮ್ಮ ಶಾಸ್ತ್ರಕಾರರು ಸಂಸ್ಕಾರವೆಂಬುದನ್ನು ಎರಡು ಬಗೆಯಾಗಿ ವಿಂಗಡಿಸುವರು. ವಸ್ತುವಿನಲ್ಲಿ ಸೇರಿಕೊಂಡಿರುವ ದೋಷವನ್ನು ಕಳೆಯುವುದು ಒಂದು. ಇದಕ್ಕೆ ದೋಷಾಪನಯನವೆಂದು ಹೆಸರು. ಅದರಲ್ಲಿಲ್ಲದ ಗುಣವನ್ನು ತಂದು ಸೇರಿಸುವುದು ಮತ್ತೊಂದು, ಇದು ಗುಣಾಧಾನ. ಇವುಗಳ ಕ್ರಮವನ್ನು ತಿಳಿಯಲು ಶಾಸ್ತ್ರವನ್ನೇ ಓದಬೇಕಾಗಿಲ್ಲ. ಕಲಾಯಿ ಹಾಕುವವನು ಹಿತ್ತಾಳೆಯ ಪಾತ್ರೆಯ ಕಿಲುಬನ್ನು ಚೆನ್ನಾಗಿ ತಿಕ್ಕಿ ತೆಗೆದಲ್ಲದೆ ತವರವನ್ನು ಸವರುವನೆ? ಕಿಲುಬಿನ ಮೇಲೆಯೇ ಸವರಿದರೆ ನಾಲ್ಕು ದಿನಗಳಲ್ಲಿ ಕಲಾಯಿಯೂ ಹೋಗುವುದು, ಅಡಿಗೆಯೂ ಕೆಡುವುದು. ಮೋಟಾರಿನ ಮುಂಭಾಗಕ್ಕೂ ಇದೇ ನ್ಯಾಯ. ಆದರೆ ಇಲ್ಲಿ ಕ್ರಮ ತಪ್ಪಿದರೆ ಕೆಡುವುದು ಅಡಿಗೆಯಲ್ಲ.

ಈ ಗಾಡಿಯ ಪೂರ್ವೋತ್ತರವನ್ನು ಸ್ವಲ್ಪ ತಿಳಿದುಕೊಳ್ಳೋಣ. ಎಂ.ಜಿ.ಬಿ. ಗಾಡಿಗಳು ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ೧೯೬೨ರಿಂದ ೧೯೮೦ರವರೆಗೆ ತಯಾರಾದುವು. ಐದು ಲಕ್ಷಕ್ಕೂ ಮಿಕ್ಕು ಗಾಡಿಗಳು ಹೊರಬಂದುವು. ೧೯೮೦ರಲ್ಲಿಯೇ ಕಾರ್ಖಾನೆಯೂ ಮುಚ್ಚಿತು. ಇದರ ಮುಂಗಾಲುಗಳ ವಿನ್ಯಾಸವು ಗಾಡಿಗಿಂತಲೂ ಹಳೆಯದು. ಮುಂದೆ ಮೋರಿಸ್ ಮೈನರ್ ಮತ್ತು ಮಿನಿ ಗಾಡಿಗಳಿಂದ ಪ್ರಖ್ಯಾತನಾದ ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿಯು ಎರಡನೆಯ ಮಹಾಯುದ್ಧಕ್ಕೆ ಮೊದಲೇ, ಜ್ಯಾಕ್ ಡೇನಿಯಲ್ಸ್ ಎಂಬಾತನ ನೆರವಿನಿಂದ, ಇದರ ಮೂಲರೂಪವನ್ನು ರಚಿಸಿದನು. ೧೯೪೭ರಲ್ಲಿ ವೈ ಎಂಬ ಹೆಸರಿನ ಎಂ.ಜಿ. ಗಾಡಿಯಲ್ಲಿ ಅದು ಮೊದಲು ಮಾರಾಟಕ್ಕೆ ಬಂದಿತು. ಅಲ್ಲಿಂದ ಟಿ.ಡಿ., ಅನಂತರ ೧೯೫೫ರ ಎಂ.ಜಿ.ಎ., ಕೊನೆಗೆ ಎಂ.ಜಿ.ಬಿ., ಹೀಗೆ ಮುತ್ತಜ್ಜನಿಂದ ಮರಿಮಗನಿಗೆ ಮನೆಯ ಆಸ್ತಿ ಇಳಿದುಬರುವಂತೆ ಇಳಿದುಬಂದಿತು. ಇಷ್ಟು ಕಾಲ ಬಾಳಿದ ವಿನ್ಯಾಸವು ಸತ್ತ್ವಹೀನವಾದುದಾಗಿರಲಾರದು. ಇಂದು ಇಂಥ ಗಾಡಿಯೊಂದು ರಸ್ತೆಯಲ್ಲಿ ತೊನೆದಾಡಿದರೆ ವಿನ್ಯಾಸವನ್ನು ದೂಷಿಸುವುದಕ್ಕೆ ಮುಂಚೆ ಸವೆತವನ್ನು ಹುಡುಕಬೇಕೆಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ.

ಇನ್ನು ಅಂಗಗಳ ವಿಚಾರ. ಎಡ ಬಲ ಎರಡು ಕಡೆಯೂ ರಚನೆ ಒಂದೇ ಆದುದರಿಂದ ಒಂದು ಕಡೆಯದನ್ನು ತಿಳಿದರೆ ಸಾಕು. ಗಾಡಿಯ ಮುಂಭಾಗದಲ್ಲಿ ಅಡ್ಡಲಾಗಿ ಒಂದು ಬಲವಾದ ಉಕ್ಕಿನ ತೊಲೆಯಿದೆ. ಅದರಿಂದ ಚಕ್ರದ ಕಡೆಗೆ ಎರಡು ತೋಳುಗಳು ಚಾಚಿಕೊಂಡಿವೆ, ಕೆಳಗೊಂದು, ಮೇಲೊಂದು. ಕೆಳಗಿನ ತೋಳು ಕವಲಾಗಿದ್ದು, ಅದರ ನಡುವೆ ತಟ್ಟೆಯಂಥ ಒಂದು ಭಾಗವುಂಟು. ಆ ತಟ್ಟೆಗೂ ತೊಲೆಗೂ ನಡುವೆ ಸುರುಳಿಯ ಸ್ಪ್ರಿಂಗು ಕುಳಿತು ಗಾಡಿಯ ಭಾರವನ್ನು ಹೊರುತ್ತದೆ. ಮೇಲಿನ ತೋಳು ಮಾತ್ರ ವಿಶೇಷವಾದದ್ದು. ಅದು ಶಾಕ್ ಅಬ್ಸಾರ್ಬರಿನ ಸನ್ನೆಯೇ ಆಗಿದೆ. ಎಣ್ಣೆ ತುಂಬಿದ ಎರಕದ ಪೆಟ್ಟಿಗೆಯೊಂದರಿಂದ ಹೊರಟ ಈ ಸನ್ನೆಯು, ಚಕ್ರವು ಏರಿಳಿದಂತೆಲ್ಲ ಒಳಗಿನ ಎಣ್ಣೆಯನ್ನು ಇಕ್ಕಟ್ಟಾದ ದಾರಿಯಲ್ಲಿ ನೂಕುತ್ತ ಚಲನೆಯ ವೇಗವನ್ನು ತಗ್ಗಿಸುವುದು. ಇದು ಇಲ್ಲದಿದ್ದರೆ, ಒಮ್ಮೆ ತೂಗಿಬಿಟ್ಟ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಲೇ ಇರುವಂತೆ, ಒಂದು ದಿಣ್ಣೆಯನ್ನು ಹತ್ತಿಳಿದ ಗಾಡಿಯು ಬಹು ದೂರದವರೆಗೆ ಕುಣಿಯುತ್ತಲೇ ಹೋಗುವುದು.

ಎರಡು ತೋಳುಗಳ ತುದಿಗಳನ್ನು ಸೇರಿಸಿ ನಿಂತಿರುವ ಉಕ್ಕಿನ ಗೂಟಕ್ಕೆ ಕಿಂಗ್‌ಪಿನ್ ಎಂದು ಹೆಸರು. ಹಳೆಯ ಮನೆಗಳ ದೊಡ್ಡ ಬಾಗಿಲು ತಿರುಗಣಿಯ ಮೇಲೆ ತಿರುಗುವಂತೆ, ಚಾಲಕನು ಸ್ಟೀರಿಂಗನ್ನು ತಿರುಗಿಸಿದಾಗ ಚಕ್ರವು ಈ ಗೂಟವನ್ನೇ ಸುತ್ತಿ ತಿರುಗುತ್ತದೆ. ಕೊನೆಯದಾಗಿ, ಕೆಳಗಿನ ತೋಳು ತೊಲೆಗೆ ಸೇರುವಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ರಬ್ಬರಿನ ಬುಷ್‌ಗಳಿವೆ. ಎರಡು ಕಡೆಗೂ ಸೇರಿ ಇಂಥ ಎಂಟು ತುಂಡುಗಳು. ಗಾತ್ರದಲ್ಲಿ ಕಿರಿದಾದರೂ, ಚಕ್ರವು ತನ್ನ ಸ್ಥಾನದಲ್ಲಿ ನಿಲ್ಲುವುದು ಇವುಗಳ ಬಲದಿಂದಲೇ.

ಈಗ ದೋಷಾಪನಯನದ ಮಾತು. ಮೊದಲು ಪರೀಕ್ಷಿಸತಕ್ಕದ್ದು ಕಿಂಗ್‌ಪಿನ್ನನ್ನು. ಚಕ್ರವನ್ನು ನೆಲದಿಂದೆತ್ತಿ, ಗಾಡಿಯನ್ನು ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಚಕ್ರದ ಮೇಲಂಚನ್ನೂ ಕೆಳಅಂಚನ್ನೂ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ ನೋಡಬೇಕು. ಸಡಿಲು ಕಂಡುಬಂದರೆ, ಮತ್ತೊಬ್ಬರು ಗಾಡಿಯಲ್ಲಿ ಕುಳಿತು ಬ್ರೇಕನ್ನು ಒತ್ತಿ ಹಿಡಿಯಲಿ. ಆಗ ಸಡಿಲು ಮಾಯವಾದರೆ ದೋಷವು ಚಕ್ರದ ಬೇರಿಂಗಿನಲ್ಲಿದೆ. ಆಗಲೂ ಉಳಿದರೆ ಅದು ಕಿಂಗ್‌ಪಿನ್ನಿನಲ್ಲಿಯೋ ಅದರ ಕೊನೆಯ ಕೀಲಿನಲ್ಲಿಯೋ ಇದೆ. ನಾಲ್ಕು ನಿಮಿಷದ ಈ ಪರೀಕ್ಷೆಗೆ ಒಂದು ಕಾಸಿನ ಖರ್ಚೂ ಇಲ್ಲ. ಬ್ರೇಕನ್ನು ಒತ್ತುವ ಕೆಲಸಕ್ಕೆ ಗೃಹಿಣಿಯ ಕಾಲು ಸಾಕು.

ಕಿಂಗ್‌ಪಿನ್ನು ಸವೆಯುವುದು ವಯಸ್ಸಿನಿಂದಲ್ಲ, ಬಹುಮಟ್ಟಿಗೆ ಉಪವಾಸದಿಂದ. ಅದಕ್ಕೆ ಗ್ರೀಸೇ ಆಹಾರ. ಪ್ರತಿ ೩೦೦೦ ಮೈಲಿಗೊಮ್ಮೆ ಗ್ರೀಸನ್ನು ಊಡುವುದು ಈ ಗಾಡಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಹಾಗೆ ಊಡುವಾಗ ಚಕ್ರದ ಮೇಲೆ ಭಾರವಿಲ್ಲದಂತೆ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಒತ್ತಿಕೊಂಡಿರುವ ಮುಖಗಳ ನಡುವೆ ಗ್ರೀಸು ಇಳಿಯದು. ವರ್ಷಕ್ಕೆ ಕೆಲವೇ ನೂರು ಮೈಲಿ ಓಡುವ ಗಾಡಿಯಾದರೆ ಮೈಲಿಯನ್ನು ಎಣಿಸದೆ ವರ್ಷವನ್ನೇ ಎಣಿಸುವುದು ಲೇಸು. ಹಸಿದ ಕಿಂಗ್‌ಪಿನ್ನು ಸಡಿಲವಾದರೆ ಚಕ್ರವು ಅಲೆಯುವುದು. ಬಿಗಿದುಕೊಂಡರೆ ಸ್ಟೀರಿಂಗು ಭಾರವಾಗಿ, ತಿರುವಿನ ಬಳಿಕ ತಾನಾಗಿ ನೇರಕ್ಕೆ ಮರಳದು. ಎರಡೂ ಅಪಾಯವೇ. ಸವೆದುದನ್ನು ಬದಲಿಸುವಾಗ ಒಳಗಿನ ಲೋಹದ ಬುಷ್‌ಗಳನ್ನೂ ಹೊಸದಾಗಿ ಕೂರಿಸಿ, ಅಳತೆಗೆ ಸರಿಯಾಗಿ ಕೊರೆದು ನುಣುಪು ಮಾಡಬೇಕು. ಇದಕ್ಕೆ ವಿಶೇಷ ಸಲಕರಣೆ ಬೇಕಾದುದರಿಂದ ಇದು ಕಸುಬುದಾರನ ಕೆಲಸ.

ಎರಡನೆಯದು ರಬ್ಬರಿನ ಬುಷ್. ಹಳೆಯ ರಬ್ಬರು ಎಣ್ಣೆ ತಾಗಿ ಉಬ್ಬುವುದು, ಬಿಸಿಲು ಚಳಿಗಳಿಗೆ ಬಿರಿಯುವುದು. ಬಿರಿದ ಬುಷ್ಷು ಬ್ರೇಕು ಹಾಕಿದಾಗಲೆಲ್ಲ ತೋಳು ಜಾರಿ ಸರಿಯುವುದಕ್ಕೆ ಎಡೆಮಾಡಿಕೊಡುತ್ತದೆ. ಆ ಸೋದರಿಯು ಕೇಳಿರುವ ಕಟಕಟ ಶಬ್ದಕ್ಕೆ ಇದೂ ಕಾರಣವಾಗಿರಬಹುದು. ಮೂರನೆಯದು ಶಾಕ್ ಅಬ್ಸಾರ್ಬರು. ಎರಕದ ಪೆಟ್ಟಿಗೆಯ ಹೊರಗೆ ಎಣ್ಣೆಯ ಜಿಡ್ಡು ಒಸರಿದ್ದರೆ ಒಳಗೆ ಅಷ್ಟು ಕಡಿಮೆಯಾಗಿದೆಯೆಂದೇ ಅರ್ಥ. ಎಣ್ಣೆ ತುಂಬುವುದರಿಂದ ತತ್ಕಾಲಕ್ಕೆ ಗುಣ ಕಂಡರೂ, ಸನ್ನೆಯ ದಂಡವು ಸವೆದು ಸೋರುತ್ತಿದ್ದರೆ ಅದನ್ನು ಬಿಚ್ಚಿ ಪುನಃ ಕಟ್ಟಿಸುವುದೇ ಮಾರ್ಗ.

ನನ್ನ ಬಳಿ ಓದಿದ ಹುಡುಗನೊಬ್ಬನು ಆ ದೇಶದಲ್ಲಿ ಹಳೆಯ ಗಾಡಿಗಳ ರಿಪೇರಿಯನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದಾನೆ. ಕೆಲವು ವರ್ಷಗಳ ಹಿಂದೆ ನಾನು ಅತ್ತ ಹೋಗಿದ್ದಾಗ ಆತನ ಕಾರ್ಯಾಗಾರದಲ್ಲಿ ಎರಡು ದಿನ ಕುಳಿತು ನೋಡಿದೆನು. ಆಗ ಆತನು ಹೇಳಿದ್ದು: “ಮೇಷ್ಟ್ರೇ, ಇಲ್ಲಿಗೆ ಬರುವವರು ಎಷ್ಟೋ ಸಲ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಒಳಗೆ ಬಣ್ಣ ಬಳಿದ ಹೊಸ ಸ್ಪ್ರಿಂಗು. ಗಾಡಿ ಎತ್ತಿ ಚಕ್ರ ಅಲುಗಿಸಿದರೆ ಕಿಂಗ್‌ಪಿನ್ನು ಲಟಲಟ ಅನ್ನುತ್ತೆ.”

“ಆಗ ಅವರಿಗೆ ಏನು ಹೇಳುತ್ತೀಯಪ್ಪ?” ಎಂದೆನು.

“ಹೇಳೋದೇನೂ ಇಲ್ಲ ಮೇಷ್ಟ್ರೇ. ಅವರ ಕೈಯನ್ನೇ ಚಕ್ರದ ಮೇಲೆ ಇಡಿಸಿ, ನೀವೇ ಅಲುಗಿಸಿ ನೋಡಿ ಅನ್ನುತ್ತೇನೆ. ಪೆಟ್ಟಿಗೆ ತಾನಾಗಿ ಗಾಡಿಯ ಹಿಂದಕ್ಕೆ ಹೋಗುತ್ತೆ.”

ದೋಷವೆಲ್ಲ ಕಳೆದಮೇಲೆ ಗುಣಾಧಾನಕ್ಕೆ ಅಧಿಕಾರವುಂಟು. ಅದರಲ್ಲಿಯೂ ತಾರತಮ್ಯವಿದೆ. ಮೊದಲನೆಯದೂ ಸೌಮ್ಯವಾದದ್ದೂ ಬುಷ್‌ಗಳ ಬದಲಾವಣೆ. ೧೯೭೩ರಿಂದ ೧೯೭೬ರವರೆಗೆ ಇದೇ ಕಾರ್ಖಾನೆಯಲ್ಲಿ ವಿ-೮ ಎಂಬ ಎಂಟು ಸಿಲಿಂಡರಿನ ಎಂಜಿನ್ನುಳ್ಳ ೨೫೯೧ ಎಂ.ಜಿ.ಬಿ. ಗಾಡಿಗಳು ತಯಾರಾದುವು. ಅವುಗಳಿಗಾಗಿ ಎರಡು ಅರೆತುಂಡುಗಳ ಬದಲು, ಉಕ್ಕಿನ ಕೊಳವೆಗೆ ರಬ್ಬರನ್ನು ಅಂಟಿಸಿದ ಒಂದೇ ಇಡಿಯ ಬುಷ್ಷನ್ನು ಉಪಯೋಗಿಸಿದರು. ಇದು ಸಾಮಾನ್ಯ ಗಾಡಿಗೂ ಒಪ್ಪುವುದು. ಎಂಟು ತುಂಡುಗಳ ಜಾಗದಲ್ಲಿ ನಾಲ್ಕು ಸಾಕು. ಮೃದುತ್ವವು ಹೆಚ್ಚು ಕೆಡದೆ ತೋಳಿನ ಹಿಡಿತ ಬಲವಾಗುವುದರಿಂದ ಅನುಭವಸ್ಥರು ಇದನ್ನೇ ಮೊದಲು ಹೇಳುವರು. ಪಾಲಿಯುರೆಥೇನ್ ಎಂಬ ಕೃತಕ ಪದಾರ್ಥದ ಬುಷ್‌ಗಳೂ ಸಿಕ್ಕುತ್ತವೆ. ಅವು ಎಣ್ಣೆಗೆ ಅಂಜವು, ಬಹುಕಾಲ ಬಾಳುವುವು. ಆದರೆ ರಬ್ಬರಿಗಿಂತ ಬಿರುಸಾದುದರಿಂದ ರಸ್ತೆಯ ಒರಟುತನವನ್ನು ಮೈಗೆ ಮುಟ್ಟಿಸುವುವು. ಜೋಡಿಸುವಾಗ ತಕ್ಕ ಗ್ರೀಸು ಹಚ್ಚದಿದ್ದರೆ ಕಿರುಗುಟ್ಟುವುವು.

ಎರಡನೆಯದು, ಗಾಡಿಯ ವಾಲಾಟವನ್ನು ತಡೆಯುವ ಅಡ್ಡ ಸಲಾಕೆ. ಇದು ಎಡದ ಕೆಳತೋಳನ್ನೂ ಬಲದ ಕೆಳತೋಳನ್ನೂ ಒಂದಕ್ಕೊಂದು ಸೇರಿಸುವ ಬಾಗಿದ ಉಕ್ಕಿನ ದಂಡ. ತಿರುವಿನಲ್ಲಿ ಒಂದು ಕಡೆ ಕುಸಿದು ಮತ್ತೊಂದು ಕಡೆ ಏಳುವಾಗ ಈ ದಂಡವು ತಿರುಚಿಕೊಳ್ಳಬೇಕಾಗುವುದು; ಅದರ ಪ್ರತಿಭಟನೆಯೇ ವಾಲಾಟಕ್ಕೆ ತಡೆ. ಇದರ ಅಗತ್ಯವನ್ನು ಚರಿತ್ರೆಯೇ ತೋರಿಸಿದೆ. ಅಮೆರಿಕದ ಕಾಯಿದೆಗಳಿಗೆ ಹೊಂದುವಂತೆ ೧೯೭೪ರ ಕೊನೆಯಲ್ಲಿ ಗಾಡಿಯನ್ನು ಸುಮಾರು ಒಂದೂವರೆ ಅಂಗುಲ ಎತ್ತರಿಸಿ, ರಬ್ಬರಿನ ದೊಡ್ಡ ಬಂಪರುಗಳನ್ನು ಹಾಕಿದರು. ಅದರ ಬೆನ್ನಲ್ಲೇ ತೆರೆದ ಗಾಡಿಗಳಲ್ಲಿ ಈ ಸಲಾಕೆಯನ್ನೂ ಕೈಬಿಟ್ಟರು. ಗಾಡಿಯು ತಿರುವುಗಳಲ್ಲಿ ಬಹಳ ವಾಲತೊಡಗಿ ಅಪಖ್ಯಾತಿಗೆ ಗುರಿಯಾಯಿತು. ೧೯೭೬ರಲ್ಲಿ ಮುಂದೆಯೂ ಹಿಂದೆಯೂ ಸಲಾಕೆಗಳನ್ನು ಕೂರಿಸಿ ತಿದ್ದಿಕೊಳ್ಳಬೇಕಾಯಿತು.

ಹಾಗೆಂದು ಸಲಾಕೆ ದಪ್ಪವಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಇಲ್ಲೊಂದು ಪುಟ್ಟ ಲೆಕ್ಕ. ಉರುಟು ದಂಡವು ತಿರುಚನ್ನು ತಡೆಯುವ ಶಕ್ತಿಯು ಅದರ ವ್ಯಾಸದ ಚತುರ್ಘಾತಕ್ಕೆ ಅನುಗುಣವಾಗಿರುವುದು. ಎಂದರೆ ವ್ಯಾಸವನ್ನು ನಾಲ್ಕು ಸಲ ಬರೆದು ಗುಣಿಸಬೇಕು. ಎಂಟನೆಯ ಐದು ಅಂಗುಲದ ಸಲಾಕೆಯನ್ನು ತೆಗೆದು ಮುಕ್ಕಾಲಂಗುಲದ್ದನ್ನು ಹಾಕಿದರೆ ದಪ್ಪವು ಐದಕ್ಕೆ ಆರರಂತೆ, ಎಂದರೆ ೧.೨ ಪಟ್ಟಾಗುತ್ತದೆ. ಇದನ್ನು ಇದರಿಂದಲೇ ಗುಣಿಸಿದರೆ ೧.೪೪, ಅದನ್ನು ಮತ್ತೆ ಅದರಿಂದಲೇ ಗುಣಿಸಿದರೆ ೨.೦೭. ಕಣ್ಣಿಗೆ ಕಾಣುವ ವ್ಯತ್ಯಾಸ ಅಂಗುಲದ ಎಂಟರಲ್ಲೊಂದು ಪಾಲು. ಬಿಗುಪು ಮಾತ್ರ ಎರಡರಷ್ಟಕ್ಕೂ ಮಿಗಿಲು! ಮುಂದಿನ ಸಲಾಕೆ ಅತಿ ಬಿಗಿಯಾದರೆ ತಿರುವಿನಲ್ಲಿ ಹೊರಗಡೆಯ ಮುಂದಿನ ಟೈರಿನ ಮೇಲೆ ಭಾರವೆಲ್ಲ ಬಿದ್ದು, ಅದು ಹಿಡಿತವನ್ನು ಬೇಗ ಕಳೆದುಕೊಳ್ಳುವುದು. ಚಾಲಕನು ಎಷ್ಟು ತಿರುಗಿಸಿದರೂ ಗಾಡಿಯು ನೇರಕ್ಕೆ ನುಗ್ಗುವುದು. ಒಂದು ಚಕ್ರಕ್ಕೆ ಬಿದ್ದ ಪೆಟ್ಟು ಮತ್ತೊಂದಕ್ಕೂ ತಗಲುವುದು.

ಮೂರನೆಯದೇ ಆ ಯಜಮಾನರು ಬಯಸುತ್ತಿರುವ ಬಿರುಸು ಸ್ಪ್ರಿಂಗು. ಸ್ಪ್ರಿಂಗು ಗಡುಸಾದಷ್ಟೂ ರಸ್ತೆಯ ಪೆಟ್ಟನ್ನು ತಾನು ನುಂಗುವುದು ಕಡಿಮೆ. ಅಷ್ಟನ್ನೂ ಬುಷ್ಷು, ಕಿಂಗ್‌ಪಿನ್ನು, ತೊಲೆ, ಕೊನೆಗೆ ಕುಳಿತವರ ಬೆನ್ನು ಹಂಚಿಕೊಳ್ಳಬೇಕು. ಗಡುಸಾದ ಸ್ಪ್ರಿಂಗಿನ ಪುಟಿತವನ್ನು ಅಡಗಿಸಲು ಶಾಕ್ ಅಬ್ಸಾರ್ಬರೂ ಅದಕ್ಕೆ ತಕ್ಕ ಬಲವುಳ್ಳದ್ದಾಗಿರಬೇಕು. ಇದಕ್ಕಾಗಿ ಕೆಲವರು ಹಳೆಯ ಸನ್ನೆಯನ್ನು ಬರಿಯ ತೋಳಾಗಿ ಉಳಿಸಿಕೊಂಡು, ಪಕ್ಕದಲ್ಲಿ ಕೊಳವೆಯಾಕಾರದ ಶಾಕ್ ಅಬ್ಸಾರ್ಬರನ್ನು ಜೋಡಿಸುವರು. ಪಂದ್ಯದ ಬಯಲಿನಲ್ಲಿ ಇವೆಲ್ಲ ಶೋಭಿಸುವುವು. ಭಾನುವಾರ ಹಳ್ಳಿಯ ರಸ್ತೆಯಲ್ಲಿ ತಿರುಗಾಡುವ ದಂಪತಿಗಳಿಗೆ, ಸುಸ್ಥಿತಿಯಲ್ಲಿರುವ ಮೂಲದ ಸ್ಪ್ರಿಂಗೇ ಸಾಕೆಂಬುದು ನನ್ನ ಅಭಿಪ್ರಾಯ.

ಕಾಯಿದೆಯ ಮಾತೊಂದುಂಟು; ಇದು ಆ ಸೋದರಿಯು ಮುಖ್ಯವಾಗಿ ಗಮನಿಸತಕ್ಕದ್ದು. ೨೦೧೮ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ಮೀರಿದ ಗಾಡಿಗಳಿಗೆ, ಅವುಗಳ ರಚನೆಯನ್ನು ಗಣನೀಯವಾಗಿ ಮಾರ್ಪಡಿಸದಿದ್ದ ಪಕ್ಷದಲ್ಲಿ, ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಇದನ್ನು ಸರಕಾರದ ಕೃಪೆಯೆಂದು ಹಿಗ್ಗುವವರೇ ಹೆಚ್ಚು. ಆದರೆ ಹಿಂದೆ ವರ್ಷಕ್ಕೊಮ್ಮೆಯಾದರೂ ಅಪರಿಚಿತನೊಬ್ಬನು ಆ ಚಕ್ರವನ್ನು ಹಿಡಿದು ಅಲುಗಿಸಿ ನೋಡುತ್ತಿದ್ದನು. ಈಗ ನೋಡಲೇಬೇಕಾದವರು ಮನೆಯವರಲ್ಲದೆ ಮತ್ತಾರೂ ಇಲ್ಲ. ಗಾಡಿಯು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆಯಂತೂ ಮೊದಲಿನಂತೆಯೇ ಉಳಿದಿದೆ. ಇಷ್ಟಪಟ್ಟು ಪರೀಕ್ಷೆ ಮಾಡಿಸಲು ಅಡ್ಡಿಯಿಲ್ಲವಾದುದರಿಂದ ವರ್ಷಕ್ಕೊಮ್ಮೆ ಮಾಡಿಸುವುದೇ ವಿವೇಕ. ಸ್ಪ್ರಿಂಗು ಮೊದಲಾದುವನ್ನು ಬದಲಿಸಿದರೆ ವಿಮೆಯ ಕಂಪನಿಗೆ ತಿಳಿಸಬೇಕೆಂಬುದನ್ನೂ ಮರೆಯಬಾರದು.

ಯಜಮಾನರು ತಾವೇ ಕೆಲಸಕ್ಕೆ ಕೈಹಾಕುವುದಾದರೆ ನಾಲ್ಕು ಎಚ್ಚರಿಕೆಗಳು. ಜ್ಯಾಕು ಎತ್ತುವುದಕ್ಕೆ ಮಾತ್ರ; ಹೊರುವುದಕ್ಕೆ ಕಬ್ಬಿಣದ ಗಟ್ಟಿ ಕಾಲುಗಳೇ ಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆಯಿಡಕೂಡದು. ಎರಡನೆಯದಾಗಿ, ಅಮುಕಿಕೊಂಡಿರುವ ಸ್ಪ್ರಿಂಗು ಹೆದೆಯೇರಿಸಿದ ಬಿಲ್ಲಿನಂತೆ. ತಕ್ಕ ಸಲಕರಣೆಯಿಂದ ಮೆಲ್ಲಮೆಲ್ಲನೆ ಸಡಿಲಿಸದೆ ಬಿಚ್ಚಿದರೆ ಪ್ರಾಣಕ್ಕೆ ಸಂಚಕಾರ. ಮೂರನೆಯದಾಗಿ, ರಬ್ಬರು ಅಂಟಿಸಿದ ಬುಷ್‌ಗಳ ನಟ್ಟುಗಳನ್ನು ಗಾಡಿಯು ಚಕ್ರಗಳ ಮೇಲೆ ತನ್ನ ಸಹಜವಾದ ಎತ್ತರದಲ್ಲಿ ನಿಂತಮೇಲೆಯೇ ಪೂರ್ತಿ ಬಿಗಿಯಬೇಕು. ಚಕ್ರವು ಜೋತಾಡುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುವುದು. ನಾಲ್ಕನೆಯದಾಗಿ, ಎಡಗಡೆ ಬದಲಿಸಿದುದನ್ನು ಬಲಗಡೆಯೂ ಬದಲಿಸಿ, ಎಲ್ಲ ಮುಗಿದಮೇಲೆ ಚಕ್ರಗಳ ನೇರವನ್ನು ಅಳೆಯಿಸಬೇಕು. ಈ ಗಾಡಿಯಲ್ಲಿ ಎರಡು ಚಕ್ರಗಳ ಮುಂದಣ ಅಂತರವು ಹಿಂದಣದಕ್ಕಿಂತ ಅಂಗುಲದ ಹದಿನಾರರಲ್ಲಿ ಒಂದು ಪಾಲಿನಿಂದ ಮೂವತ್ತೆರಡರಲ್ಲಿ ಮೂರು ಪಾಲಿನವರೆಗೆ ಕಡಿಮೆಯಿರಬೇಕು. ಅಷ್ಟು ಸಣ್ಣ ಅಳತೆ ತಪ್ಪಿದರೂ ಹೊಸ ಟೈರುಗಳು ಅಕಾಲದಲ್ಲಿ ಸವೆಯುವುವು.

ಇನ್ನು ಆ ಸೋದರಿಗೆ ನೇರವಾದ ಉತ್ತರ. ತಾಯಿ, ಈ ವರ್ಷದ ಹಣವನ್ನು ಸ್ಪ್ರಿಂಗಿಗೆ ಕೊಡಬೇಡಿ. ಮೊದಲು ನೀವು ಬ್ರೇಕನ್ನು ಒತ್ತಿ, ಯಜಮಾನರು ಚಕ್ರವನ್ನು ಅಲುಗಿಸಿ ನೋಡಲಿ. ಕಿಂಗ್‌ಪಿನ್ನು ಸಡಿಲವಿದ್ದರೆ ಹಣವೆಲ್ಲ ಅದಕ್ಕೆ ಹೋಗಲಿ. ಆ ಕೆಲಸ ಮುಗಿಯುವವರೆಗೆ ಗಾಡಿಯು ಮನೆಯಲ್ಲಿಯೇ ನಿಲ್ಲಲಿ. ಅದು ಗಟ್ಟಿಯಾಗಿದ್ದರೆ ವಿ-೮ರ ಬುಷ್‌ಗಳನ್ನು ಹಾಕಿಸಿ, ಶಾಕ್ ಅಬ್ಸಾರ್ಬರು ಸೋರುತ್ತಿದ್ದರೆ ಕಟ್ಟಿಸಿ, ಗ್ರೀಸು ಊಡಿಸಿ. ಆಮೇಲೆ ಆರು ತಿಂಗಳು ಓಡಿಸಿ ನೋಡಿ. ಅಷ್ಟರಲ್ಲಿ ಗಾಡಿಯ ನಡಿಗೆ ನೆಟ್ಟಗಾದರೆ ಸ್ಪ್ರಿಂಗಿನ ಮಾತೇ ಏಳಲಿಕ್ಕಿಲ್ಲ. ಎದ್ದರೆ, ಬರುವ ವರ್ಷದ ಹಣವು ಇದ್ದೇ ಇದೆಯಷ್ಟೆ. ನಿಮ್ಮ ಯಜಮಾನರ ಉತ್ಸಾಹಕ್ಕೆ ಭಂಗ ತರುವುದು ನನ್ನ ಉದ್ದೇಶವಲ್ಲ. ಐವತ್ತು ವರ್ಷ ದಾಟಿದ ಯಂತ್ರವನ್ನು ಆದರದಿಂದ ಕಾಪಾಡುವ ಗೃಹಸ್ಥನು ಮೆಚ್ಚಿಗೆಗೆ ಅರ್ಹನೇ ಸರಿ. ಸಂಜೆಗೆ ನೀವಿಬ್ಬರೂ ಮಗುವಿನ ಬಳಿಗೆ ಸುಖವಾಗಿ ಮರಳಬೇಕೆಂಬುದೊಂದೇ ಇಷ್ಟು ಬರೆದುದಕ್ಕೆ ಕಾರಣ.